ಟ್ರ್ಯಾಕ್ಟರಿನ ಎಡಗಾಲಿಗೆ ಬಂದ ಜ್ವರ

ಗಾಡಿಯೊಂದು ಕೆಟ್ಟು ನಿಂತರೆ ಸಾಕು, ಅದರ ಸುತ್ತ ಹತ್ತು ಮಂದಿ ಡಾಕ್ಟರು ಹುಟ್ಟಿಕೊಳ್ಳುತ್ತಾರೆ. ಒಬ್ಬನೂ ಕೈ ಮಸಿ ಮಾಡಿಕೊಳ್ಳುವುದಿಲ್ಲ, ಒಬ್ಬನೂ ಬಾಯಿ ಮುಚ್ಚುವುದಿಲ್ಲ. ಹಳಿಯಾಳದಲ್ಲಿ ದಾಂಡೇಲಿ ರಸ್ತೆಗೆ ತಗಡಿನ ಶೆಡ್ಡು ಹಾಕಿಕೊಂಡು ಕೂತ ದಿನದಿಂದ ಇದನ್ನು ನೋಡುತ್ತಲೇ ಬಂದಿದ್ದೇನೆ, ಒಂದು ದಿನವೂ ಸುಮ್ಮನೆ ನೋಡಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನು. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ. ಆದರೆ ಬೆಳಗಾವಿಯ ಲಾರಿ ವರ್ಕ್‌ಶಾಪಿನಲ್ಲಿ ಎಂಟು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿ ಕೆಲಸ ಕಲಿತಿದ್ದೇನೆ. ಮುಟ್ಟಿ ನೋಡದೆ ಮಾತಾಡುವವನು ಎಷ್ಟೇ ದೊಡ್ಡವನಿರಲಿ, ಅವನ ಮಾತು ಕೇಳುವ ಜಾಯಮಾನ ನನ್ನದಲ್ಲ. ಸಾವಿರದ ಒಂಬೈನೂರ ಅರವತ್ತರ ಆಚೀಚೆ ಒಂದು ಬೇಸಿಗೆಯಲ್ಲಿ ಒಂದು ಹಳೆಯ ಟ್ರ್ಯಾಕ್ಟರಿನ ಬ್ರೇಕು ನನ್ನ ಈ ಹಟವನ್ನು ಚೆನ್ನಾಗಿಯೇ ಪರೀಕ್ಷೆ ಮಾಡಿತು. ಆಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

೧. ಶೇಂಗಾ

ಆ ಟ್ರ್ಯಾಕ್ಟರು ಮುಂಡಗೋಡದ ಹಾದಿಯಲ್ಲಿರುವ ಒಂದು ಹಳ್ಳಿಯ ಗೌಡರ ಮನೆಯದು. ಗೌಡರು ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಹೊಲ ಮಾಡಿಸುತ್ತಿದ್ದವರು ಅವರ ಹೆಂಡತಿ. ಊರವರು ಅವರನ್ನು ಗೌಡಶಾನಿ ಎನ್ನುತ್ತಿದ್ದರು. ಒಂದು ದಿನ ಅವರು ಸೆರಗು ತಲೆಯ ಮೇಲೆ ಹೊದ್ದು, ಬಿಸಿಲಲ್ಲಿ ನಡೆದುಕೊಂಡೇ ನನ್ನ ಶೆಡ್ಡಿಗೆ ಬಂದರು.

"ಮಿಸ್ತ್ರಿ, ಟ್ಯಾಕ್ಟರ್ ಏನೋ ಹಿಡದು ಜಗ್ಗಿದಂಗ ಮಾಡತೈತಿ. ಡೀಸಲ್ ಕುಡಿಯೂದು ಕುಡಿತೈತಿ, ಎಳಿಯೂದಿಲ್ಲ" ಎಂದರು. "ಬಿತ್ತಿಗಿ ಹೊತ್ತಿನ ಮಿರಗದ ಮಳಿ ಕೂಡೂದ್ರೊಳಗ ಸರಿ ಆಗಲಿಲ್ಲಂದ್ರ ಅದನ್ನ ದಾಂಡೇಲಿ ಕಟಗಿ ಕಂತ್ರಾಟದಾರಗ ಕೊಟ್ಟು, ಹೊಲಾ ತಾನ ಮಾಡ್ತೇನಂತ ನನ್ನ ಮೈದುನ ಹಿರೇರ ಮುಂದ ಹೇಳ್ಯಾನ. ಹೊಲಾ ಅವನ ಕೈಗೆ ಹೋತಂದ್ರ ನಾನೂ ನನ್ನ ಎರಡು ಹೆಣ್ಣುಮಕ್ಕಳೂ ಸೇರು ಅಕ್ಕಿಗೂ ಅವನ ಮಾರಿ ನೋಡಬೇಕು. ನಾ ನೋಡಾಕಿ ಅಲ್ಲ."

ಅಳಲಿಲ್ಲ, ಕೈಮುಗಿಯಲಿಲ್ಲ. ಒಂದು ತಂಬಿಗೆ ನೀರು ಕುಡಿದು ಬಂದ ದಾರಿಯಲ್ಲೇ ನಡೆದರು. ನನಗೆ ಅದು ಬಹಳ ಹಿಡಿಸಿತು. ನಟ್ಟು ಬಿಚ್ಚುವ ಪಾನಾಗಳ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಹೊರಟೆ.

ಟ್ರ್ಯಾಕ್ಟರು ಓಡಿಸುವವನು ಕುಂಬಾರವಾಡದ ಕಡೆಯವನು. ಮನೆಮಾತು ಕೊಂಕಣಿ, ಹೊಟ್ಟೆಪಾಡಿಗೆ ಕನ್ನಡ. "ಬ್ರೇಕ್ ಬಿಸಿ ಆಗತೈತೇನೋ?" ಎಂದು ಕೇಳಿದೆ.

"ಬಿಸಿ ಏನಿಲ್ರಿ ಮಿಸ್ತ್ರಿ. ಸ್ವಲ್ಪ ಬೆಚ್ಚಗ" ಎಂದ.

ನಾನು ಸೀಟಿನ ಕೆಳಗಿನ ಸಾಮಾನಿನ ಪೆಟ್ಟಿಗೆ ತೆಗೆದೆ. ಒಳಗೆ ಪಾನಾ ಇರಲಿಲ್ಲ. ಮಸಿ ಹಿಡಿದ ಒಂದು ಡಬ್ಬಿಯ ಮುಚ್ಚಳ ಇತ್ತು, ಅದರ ತುಂಬ ಶೇಂಗಾ ಸಿಪ್ಪೆ.

"ಇದೇನು?"

ಅವನು ನೆಲ ನೋಡಿದ. "ಶೇಂಗಾ ಹುರಿಯೂದ್ರಿ. ಸಾಲು ಮುಗಿಸಿ ನಿಂತ ಕೂಡಲೇ ಬ್ರೇಕಿನ ಡ್ರಮ್ಮಿನ ಮ್ಯಾಲ ಇಟ್ರ ಒಂದು ಬೀಡಿ ಸೇದೂದ್ರಾಗ ಹುರದಿರತಾವ."

ಮೂರು ತಿಂಗಳಿಂದ ಹೊಲದ ಆಳುಗಳೆಲ್ಲ ಮಧ್ಯಾಹ್ನ ಟ್ರ್ಯಾಕ್ಟರಿನ ಬ್ರೇಕಿನ ಮೇಲೆ ಹುರಿದ ಶೇಂಗಾ ತಿಂದಿದ್ದರು. ಮನೆಯ ಹೊಲ ಕೈಬಿಡುವ ಹೊತ್ತು ಬಂದಿದ್ದರೂ ಬ್ರೇಕು ಬಿಸಿಯಾಗಿದೆ ಎಂದು ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ನನಗೆ ಬೈಯಬೇಕೆನಿಸಿತು, ಬೈದೆ ಕೂಡ. ಬೈದು ಮುಗಿದ ಮೇಲೆ ಒಂದು ಪ್ರಶ್ನೆ ಹೊಳೆಯಿತು.

"ಎರಡೂ ಗಾಲಿ ಮ್ಯಾಲ ಹುರಿತೀರೇನು?"

"ಛೇ, ಎಡಗಡೆ ಅಷ್ಟ ರೀ. ಬಲಗಡೆ ಒಮ್ಮಿ ಇಟ್ಟಿದ್ವಿ, ಹಸೀನ ಉಳಿದ್ವು. ತಿಂದು ಎಲ್ಲಾರಿಗೂ ಹೊಟ್ಟಿ ಕೆಟ್ಟಿತು."

ಹೀಗೆ ಕಾಯಿಲೆ ಎಡಗಾಲಿಯದು ಎಂದು ಆಳುಗಳ ಹೊಟ್ಟೆಯಿಂದ ಗೊತ್ತಾಯಿತು.

೨. ರಟ್ಟು

ನಾನು ಬಂದದ್ದು ತಿಳಿದು ಗೌಡಶಾನಿಯ ಮೈದುನ ಸಣ್ಣ ಗೌಡ ಸುಮ್ಮನಿರಲಿಲ್ಲ. ಎರಡೇ ದಿನದಲ್ಲಿ ಹುಬ್ಬಳ್ಳಿಯ ಟ್ರ್ಯಾಕ್ಟರ್ ಕಂಪನಿಯಿಂದ ಕೊರಳಪಟ್ಟಿ ಕಟ್ಟಿದ ಒಬ್ಬ ಸಾಹೇಬರನ್ನು ಕರೆತಂದ. ಅವರ ಕೈಯಲ್ಲಿ ಹೊಳೆಯುವ ರೆಕ್ಸಿನ್ ರಟ್ಟಿನ ದಪ್ಪ ಪುಸ್ತಕ. ಆಗತಾನೆ ಹೊಲದಿಂದ ಬಂದು ನಿಂತಿದ್ದ ಟ್ರ್ಯಾಕ್ಟರಿನಿಂದ ನಾಲ್ಕು ಮಾರು ದೂರ ನಿಂತೇ ಅವರು ತೀರ್ಪು ಕೊಟ್ಟರು.

"ಹಿಂದಿನ ಅಚ್ಚು ಪೂರ್ತಿ ಬದಲಿ ಮಾಡಬೇಕು. ಸಾಮಾನು ವಿಲಾಯತಿಯಿಂದ ಬರಬೇಕು. ಆರು ತಿಂಗಳು ಹಿಡಿಯುತ್ತದೆ."

ಸಣ್ಣ ಗೌಡನ ಮುಖ ಹಬ್ಬದಂತಾಯಿತು. ನಾನು ಜಾಕು ತೆಗೆದು ಹಿಂದಿನ ಗಾಲಿಗಳನ್ನು ಒಂದೊಂದಾಗಿ ಎತ್ತಿದೆ. ಬಲಗಾಲಿಯನ್ನು ಒಂದು ಕೈಯಲ್ಲಿ ತಿರುಗಿಸಿದರೆ ತಾನೇ ಮೂರು ಸುತ್ತು ಹೋಯಿತು. ಎಡಗಾಲಿಯನ್ನು ನಾನೂ ಡ್ರೈವರನೂ ಸೇರಿ ಜಗ್ಗಿದರೂ ಕಾಲು ಸುತ್ತು ಹೋಗಿ ನಿಂತಿತು.

"ಸಾಹೇಬ್ರ, ಅಚ್ಚಿಗೆ ಏನೂ ಆಗಿಲ್ಲ. ಎಡಗಡಿ ಬ್ರೇಕ್ ಹಿಡಕೊಂಡು ಕುಂತೈತಿ" ಎಂದೆ.

"ನೀವು ಎಷ್ಟು ಓದಿದ್ದೀರಿ?"

"ಮುಲ್ಕಿ ನಪಾಸು. ಎರಡು ಸಲ."

"ಹಾಗಾದರೆ ನಿಮಗೆ ತಿಳಿಯುವುದಿಲ್ಲ. ಓಡಿದ ಗಾಡಿಯ ಬ್ರೇಕು ಸ್ವಲ್ಪ ಬಿಸಿ ಇರುವುದು ಸಹಜ ಅಂತ ಇದರಲ್ಲೇ ಬರೆದಿದೆ" ಎಂದು ಪುಸ್ತಕದ ಮೇಲೆ ತಟ್ಟಿದರು.

ಮೈಯೆಲ್ಲ ಉರಿಯಿತು. ಆದರೂ ಮೆತ್ತಗೆ ಹೇಳಿದೆ. "ಸಹಜ ಇದ್ರ ಛಲೋನ ಆತು. ಆ ಪುಸ್ತಕಾನ ಡ್ರಮ್ಮಿನ ಮ್ಯಾಲ ಇಡ್ರಲ್ಲ."

ಅಂಗಳದ ತುಂಬ ಜನ. ಹಿಂದೆ ಸರಿದರೆ ಮಾನ ಹೋಗುತ್ತದೆ. ಅವರು ಪುಸ್ತಕವನ್ನು ಗಾಲಿಯ ಸಂದಿಯಲ್ಲಿ ತೂರಿಸಿ ಡ್ರಮ್ಮಿಗೆ ಒರಗಿಸಿದರು. ಅಲ್ಲೇ ನಿಂತು ವಿಲಾಯತಿಯಲ್ಲಿ ಹೊಲ ಹೇಗೆ ಉಳುತ್ತಾರೆ ಎಂದು ನಮಗೆ ತಿಳಿಸತೊಡಗಿದರು. ನಾಲ್ಕು ಮಾತು ಆಡುವಷ್ಟರಲ್ಲಿ ಕಮರು ವಾಸನೆ ಬಂತು. ಗಡಬಡಿಸಿ ಪುಸ್ತಕ ಜಗ್ಗಿದರು. ಹಾಳೆಗಳಷ್ಟೇ ಕೈಗೆ ಬಂದವು, ರಟ್ಟು ಡ್ರಮ್ಮಿಗೆ ಅಂಟಿಕೊಂಡು ಉಳಿಯಿತು.

ಸಾಹೇಬರು ಹಾಳೆಗಳನ್ನು ಎದೆಗವುಚಿಕೊಂಡು ಬಸ್ಸಿನ ಹಾದಿ ಹಿಡಿದಾಗ ಗೌಡಶಾನಿ ಕಟ್ಟೆಯ ಮೇಲಿಂದ ಕೇಳಿದರು: "ಸಾಹೇಬ್ರ, ಆ ರಟ್ಟೂ ವಿಲಾಯತಿಯಿಂದನ ಬರಬೇಕೇನ್ರಿ? ಅದಕ್ಕೂ ಆರು ತಿಂಗಳ ಹಿಡಿತೈತೇನು?"

೩. ಬಾಳೆಹಣ್ಣು

ಬ್ರೇಕು ಹಿಡಿದುಕೊಂಡಿದೆ ಸರಿ, ಯಾಕೆ ಹಿಡಿದುಕೊಂಡಿದೆ? ಊರವರೆಲ್ಲ ತಪ್ಪನ್ನು ಡ್ರೈವರನ ಕಾಲಿನ ಮೇಲೆ ಹಾಕಿದರು. ಆ ಗಾಡಿಗೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲು. ಇವನು ಮೊದಲು ಜೊಯಿಡಾ ಕಾಡಿನ ಇಳಿಜಾರಿನಲ್ಲಿ ಲಾರಿ ಓಡಿಸಿದವನು. ಬ್ರೇಕಿನ ಮೇಲೆ ಕಾಲಿಟ್ಟೇ ಕೂರುವ ಚಟ ಅಲ್ಲಿಯೇ ಹತ್ತಿರಬೇಕು ಎಂದು ಮಾತು. ಖರೆ ಹೇಳುತ್ತೇನೆ, ನನಗೂ ಹಾಗೇ ಅನಿಸಿತ್ತು.

"ನನ್ನ ಕಾಲು ನನ್ನ ಮಾತು ಕೇಳತೈತ್ರಿ ಮಿಸ್ತ್ರಿ" ಎಂದ ಅವನು. ದನಿಯಲ್ಲಿ ಸಿಟ್ಟಿತ್ತು.

ಮಾತಿನಿಂದ ಬಗೆಹರಿಯುವ ವಿಷಯವಲ್ಲ. ಒಂದು ಕಳಿತ ಬಾಳೆಹಣ್ಣು ತರಿಸಿ ಎಡಗಡೆ ಪೆಡಲಿನ ಕೆಳಗೆ ದಾರದಿಂದ ಕಟ್ಟಿದೆ. ಪೆಡಲು ಒತ್ತಿದರೆ ಹಣ್ಣು ಹಿಸುಕಿ ಹೋಗಬೇಕು. ನೆಟ್ಟಗೆ ರಸ್ತೆಗುಂಟ ಒಂದು ಮೈಲು ಹೋಗಿ ಬರುವುದು, ಬ್ರೇಕು ಮುಟ್ಟಬಾರದು, ಬರೀ ಗೇರಿನ ಮೇಲೆ ನಿಲ್ಲಿಸುವುದು ಎಂದು ಮಾತಾಯಿತು. ನಾನು ಮಡ್‌ಗಾರ್ಡಿನ ಮೇಲೆ ಕೂತು ಅವನ ಕಾಲನ್ನೇ ದಿಟ್ಟಿಸುತ್ತ ಹೋದೆ, ಬಂದೆ.

ಹಣ್ಣು ಕಟ್ಟಿದಂತೆಯೇ ಇತ್ತು. ಎಡಗಡೆ ಡ್ರಮ್ಮಿನ ಮೇಲೆ ನೀರು ಚಿಮುಕಿಸಿದೆ, ಚುರ್ರೆಂದು ಹಾರಿಹೋಯಿತು.

ತಪ್ಪು ಒಪ್ಪಿಕೊಳ್ಳುವುದು ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಆದರೂ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. "ತಪ್ಪು ನಂದು. ಇವನ ಕಾಲು ಶುದ್ಧ ಐತಿ."

ಸಣ್ಣ ಗೌಡ ಓಡಿ ಬಂದ. "ಸುಳ್ಳು. ಇಬ್ಬರೂ ಕೂಡಿ ಆಟ ಹೂಡೀರಿ. ಎಲ್ಲಿ ಆ ಹಣ್ಣು? ನಾ ಕಣ್ಣಾರೆ ನೋಡಬೇಕು."

ತಿರುಗಿ ನೋಡಿದರೆ ಪೆಡಲಿನ ಕೆಳಗೆ ಬರೀ ದಾರ. ಡ್ರೈವರ ಬಾಯಿ ಒರೆಸಿಕೊಳ್ಳುತ್ತಿದ್ದ, ಸಿಪ್ಪೆ ಅವನ ಕೈಯಲ್ಲಿತ್ತು.

"ಗಾಡಿ ಎಳಿಯೂದಿಲ್ಲಂತ ಮೂರು ತಿಂಗಳ ಬೈಸ್ಕೊಂಡೇನ್ರಿ" ಎಂದ. "ಸಾಕ್ಷಿ ಹೇಳಿ ಮುಗದಿತ್ತಲ್ಲ, ತಿಂದೆ."

೪. ಮೀನು

ಪೆಡಲನ್ನು ಕೈಯಿಂದ ಒತ್ತಿ ಬಿಟ್ಟು ನೋಡಿದೆ. ಬಿಟ್ಟ ಕೂಡಲೇ ಮೇಲೆ ಬರಬೇಕಾದದ್ದು, ಹಬ್ಬಕ್ಕೆ ಬಂದ ಬೀಗರು ಊರಿಗೆ ಹೊರಡುವಷ್ಟು ಸಾವಕಾಶ ಮೇಲೆ ಬಂತು. ಅಂದರೆ ಒಳಗೆ ಏನೋ ತುಕ್ಕು ಹಿಡಿದು ಬಿಗಿಯಾಗಿದೆ. ಗಾಲಿ ಬಿಚ್ಚಿ, ಸುತ್ತಿಗೆಯಿಂದ ತಟ್ಟಿ ತಟ್ಟಿ ಡ್ರಮ್ಮು ಕಳಚಿದೆ.

ಒಳಗೆ ಕೆಂಪು ತುಕ್ಕು, ಒಣಗಿದ ರಾಡಿ, ನಾಲ್ಕು ಸಣ್ಣ ಬಸವನಹುಳದ ಚಿಪ್ಪು. ಬ್ರೇಕಿನ ಎರಡು ಪಟ್ಟಿಗಳ ನಡುವೆ ಕಿರುಬೆರಳಿನಷ್ಟು ಉದ್ದದ ಒಂದು ಮೀನು, ಕೆಂಪಗೆ ಹುರಿದು ಮಲಗಿತ್ತು.

ಅದು ಲಿಂಗಪೂಜೆ ಆಗದೆ ಯಾರೂ ನೀರು ಕುಡಿಯದ ಮನೆ. ಮೀನು ಆ ಮನೆಯ ಹೊಸ್ತಿಲಲ್ಲ, ಅಂಗಳದ ಅಗಸೆಬಾಗಿಲನ್ನೂ ದಾಟಿದ್ದಿಲ್ಲ. ನಾನು ಸರಕ್ಕನೆ ಅದರ ಮೇಲೆ ಬಟ್ಟೆ ಮುಚ್ಚಿ ಡ್ರೈವರನನ್ನು ಕರೆದೆ.

"ಇದೇನೋ?"

ಅವನು ಬಗ್ಗಿ ನೋಡಿದ. "ನಮ್ಮ ಕಡಿ ಹೊಳಿ ಮೀನಲ್ರಿ. ಇದು ಇಲ್ಲೀದ, ಕೆರಿದು."

"ಕೆರಿ ಮೀನು ಬ್ರೇಕಿನಾಗ ಹೆಂಗ ಬಂತು?"

"ಸೋಮವಾರ ಮೈ ತೊಳಿಯಾಕ ಹೋಗ್ತೇವಲ್ರಿ."

"ಯಾರ ಮೈ?"

"ಇದರದು" ಎಂದು ಟ್ರ್ಯಾಕ್ಟರು ತೋರಿಸಿದ.

ಮಾತು ಕೇಳಿ ಹತ್ತಿರ ಬಂದ ಗೌಡಶಾನಿ ದನಿ ತಗ್ಗಿಸಿ ಬಿಡಿಸಿ ಹೇಳಿದರು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಗೌಡಶಾನಿಯ ಅತ್ತೆ, ಊರೆಲ್ಲ ಆಯಿ ಎಂದು ಕರೆಯುವ ಮುದುಕಿ, ಟ್ರ್ಯಾಕ್ಟರು ಬಂದ ದಿನವೇ ಕಟ್ಟಪ್ಪಣೆ ಮಾಡಿದ್ದರಂತೆ: ಹೊಲ ಉಳುವುದೆಲ್ಲ ಬಸವಣ್ಣನೇ. ಹಾಗಾಗಿ ಸೋಮವಾರ ಟ್ರ್ಯಾಕ್ಟರಿಗೂ ಸೂಟಿ. ಬೆಳಿಗ್ಗೆ ಎತ್ತುಗಳ ಜೊತೆ ಕೆರೆಗೆ ಇಳಿಸಿ, ಹುಲ್ಲಿನಿಂದ ಮೈ ತಿಕ್ಕಿ ತೊಳೆದು ತರಬೇಕು. ಕೆರೆಯ ದಂಡೆ ಎಡಕ್ಕೆ ಇಳಿಜಾರು. ಎಡಗಾಲಿ ಅಚ್ಚಿನ ತನಕ ನೀರಲ್ಲಿ ಮುಳುಗುತ್ತಿತ್ತು, ಬಲಗಾಲಿ ದಂಡೆಯ ಮೇಲೆ ಒಣಗಿಯೇ ಇರುತ್ತಿತ್ತು.

"ಅಕ್ಕಾರ, ಇದನ್ನ ಮೊದಲ ಯಾಕ ಹೇಳಲಿಲ್ಲ?" ಎಂದು ತಲೆ ಹಿಡಿದುಕೊಂಡೆ.

"ಎತ್ತಿನ ಮೈ ತೊಳದದ್ದನ್ನ ಯಾರರ ಮಿಸ್ತ್ರಿಗೆ ಹೇಳ್ತಾರೇನ್ರಿ?"

ಅಷ್ಟರಲ್ಲಿ ಡ್ರೈವರ ಬಟ್ಟೆ ಎತ್ತಿ ಮೀನನ್ನು ಇನ್ನೊಮ್ಮೆ ಮೂಸಿ ನೋಡಿದ. "ಹದಾ ಬರೋಬ್ಬರಿ ಬಂದೈತ್ರಿ. ಉಪ್ಪು ಖಾರ ಅಷ್ಟ ಹತ್ತಿಲ್ಲ."

೫. ಲಂಘನ

ಚಿಮಣಿ ಎಣ್ಣೆಯಲ್ಲಿ ತೊಳೆದು, ತುಕ್ಕು ಕೆರೆದು, ಬಿಗಿದಿದ್ದ ಕೀಲಿಗೆ ಗ್ರೀಸು ತುಂಬಿ, ಹೊಸ ಸ್ಪ್ರಿಂಗು ಹಾಕಿದೆ. ಶನಿವಾರ ಸಂಜೆಗೆ ಎಡಗಾಲಿ ಬಲಗಾಲಿಯಂತೆಯೇ ತಿರುಗಿತು. ಆದರೆ ಒಂದು ದಿನ ಬಿಟ್ಟರೆ ಸೋಮವಾರ. ಮತ್ತೆ ಕೆರೆಗೆ ಇಳಿದರೆ ನನ್ನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಆಯಿಗೆ ಎದುರು ಹೇಳುವ ಎದೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮನೆತನದ ಕೊನೆಯ ಮಾತು ಅವರದು. ಮಗನ ಕಡೆಯೋ ಸೊಸೆಯ ಕಡೆಯೋ ಅವರು ಅಲ್ಲಿಯ ತನಕ ಬಾಯಿ ಬಿಟ್ಟಿರಲೂ ಇಲ್ಲ. ನಾನೇ ಹೋಗಿ ಎದುರು ನಿಂತೆ.

"ಆಯಿ, ಟ್ಯಾಕ್ಟರ್ ಕೆರಿಗೆ ಒಯ್ಯಬ್ಯಾಡ್ರಿ."

"ಯಾಕ, ಅದಕ್ಕ ನೆಗಡಿ ಆಗತೈತೇನು?"

"ನೀರು ಹೊಕ್ಕು ಬ್ರೇಕ್ ತುಕ್ಕು ಹಿಡಿತೈತ್ರಿ."

"ಮೈ ತೊಳೀದ ಎತ್ತನ್ನ ನಮ್ಮ ಅಂಗಳದಾಗ ಕಟ್ಟೂದಿಲ್ಲ. ನಿನ್ನ ಶೆಡ್ಡಿನ ಕಾಯ್ದೆ ಶೆಡ್ಡಿನ್ಯಾಗ ಇಟ್ಕೋ ತಮ್ಮಾ."

"ಕೆರಿಗೆ ಹೋತಂದ್ರ ನಾ ಮತ್ತ ಈ ಮನಿಗೆ ಬರೂದಿಲ್ಲ."

"ಬರಬ್ಯಾಡ. ಹಾದಿ ಗೊತ್ತೈತಲ್ಲ?"

ಸಿಟ್ಟಿನಿಂದ ಅಗಸೆಯ ತನಕ ನಡೆದೆ. ಅಲ್ಲಿ ಗೌಡಶಾನಿಯ ಸಣ್ಣ ಮಗಳು ಕೊಡ ಹೊತ್ತು ಬರುತ್ತಿತ್ತು. ಆ ಕೂಸು ನಾಳೆ ಚಿಕ್ಕಪ್ಪನ ಮುಂದೆ ಸೇರು ಹಿಡಿದು ನಿಲ್ಲಬೇಕೇ ಎನಿಸಿತು. ತಿರುಗಿ ಬಂದೆ.

"ಆಯಿ, ಜ್ವರ ಬಂದಾಗ ನೀವು ತಣ್ಣೀರು ಜಳಕಾ ಮಾಡ್ತೀರೇನು?"

"ಹುಚ್ಚ ಇದ್ದೀಯೇನು? ವಿಭೂತಿ ಧರಿಸಿ ಪೂಜಿ ಮಾಡ್ತೇನಿ. ಭಸ್ಮಾ ಹಚಗೊಂಡ್ರ ಜಳಕಾ ಆದಂಗ."

"ಇದಕ್ಕೂ ಎಡಗಾಲಿಗೆ ಜ್ವರ ಬಂದೈತ್ರಿ. ಮೂರು ತಿಂಗಳಾತು."

ಆಯಿ ಒಳಗೆ ಹೋಗಿ ವಿಭೂತಿ ಗಟ್ಟಿ ತಂದು ಟ್ರ್ಯಾಕ್ಟರಿನ ಹಣೆಗೆ ಮೂರು ಬೆರಳು ಎಳೆದರು. ಕೆರೆಯ ಜಳಕ ಅಂದಿಗೆ ನಿಂತಿತು. ಗೆದ್ದೆ ಎಂದು ನಾನು ಪಾನಾ ಚೀಲ ಎತ್ತಿಕೊಳ್ಳುವಾಗ ಆಯಿ ಡೀಸೆಲ್ ಡಬ್ಬಿಯನ್ನು ಒಳಗೆ ಹೊತ್ತು ಒಯ್ಯಿಸುತ್ತಿದ್ದರು.

"ಅದನ್ನ ಯಾಕ ಒಳಗ ಇಡಸ್ತೀರಿ ಆಯಿ?"

"ಜ್ವರ ಅಂದಿ. ಎರಡು ದಿನ ಲಂಘನ. ಹೊಟ್ಟಿಗೆ ಏನೂ ಹಾಕೂದಿಲ್ಲ" ಎಂದು ಬೀಗ ಜಡಿದರು.

೬. ದಾಂಡೇಲಿಗೆ ಸಾಗಿಸುವುದು

ಲಂಘನ ಮುಗಿದದ್ದು ಮಂಗಳವಾರ. ಅವತ್ತೇ ದಾಂಡೇಲಿಯ ಕಟ್ಟಿಗೆ ಕಂತ್ರಾಟದಾರ ಜೀಪಿನಲ್ಲಿ ಬಂದಿಳಿದ. ಕರೆಸಿದವನು ಸಣ್ಣ ಗೌಡ. ಊರ ಹಿರಿಯರೂ ಬಂದು ಕಟ್ಟೆಯ ಮೇಲೆ ಕೂತರು. ಮೋಡ ಕಟ್ಟಿತ್ತು, ಮಿರಗ ಕೂಡುವುದಕ್ಕೆ ಎರಡೇ ದಿನ.

ಬೆಳಗಿನಿಂದ ಮಧ್ಯಾಹ್ನದ ತನಕ ಟ್ರ್ಯಾಕ್ಟರು ರಂಟೆ ಹೊಡೆದು ಹೊಲ ಉತ್ತು ಬಂತು. ಕಂತ್ರಾಟದಾರ ತಿಳಿದ ಮನುಷ್ಯ. ತಾನೇ ಬಗ್ಗಿ ಎಡಗಡೆ ಡ್ರಮ್ಮಿನ ಮೇಲೆ ಅಂಗೈ ಇಟ್ಟ, ಬಲಗಡೆಯದರ ಮೇಲೂ ಇಟ್ಟ. ಎರಡೂ ಒಂದೇ ಸಮ ಉಗುರುಬೆಚ್ಚಗೆ.

"ಗಾಡಿ ಛಲೋ ಐತಿ" ಎಂದ.

ಗೌಡಶಾನಿ ಉಸಿರು ಬಿಟ್ಟರು. ನಾನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಸಣ್ಣ ಗೌಡನ ಮುಖವನ್ನೇ ನೋಡಿದೆ. ಅವನು ನಗುತ್ತಿದ್ದ.

"ಛಲೋ ಐತಲ್ಲ? ಹಂಗಾದ್ರ ಇವತ್ತ ಒಯ್ರಿ. ಕೆಟ್ಟಿದ್ರ ನೀವರ ಯಾಕ ತಗೋತಿದ್ರಿ?"

ಕಂತ್ರಾಟದಾರ ತಲೆಯಾಡಿಸಿದ. ಮಾರಾಟವಾಗದ ಗಾಡಿಯನ್ನು ಮಾರಾಟಕ್ಕೆ ಸಜ್ಜು ಮಾಡಿದ್ದು ನನ್ನ ಈ ಕೈ. "ಸರಿ ಆಗಲಿಲ್ಲಂದ್ರ ಮಾರೂದು ಅಂತ ಹಿರೇರ ಮುಂದ ಮಾತು ಆಗಿತ್ತು. ಸರಿ ಆಗೇತಿ. ಮತ್ತೇನು?" ಎಂದು ಕೂಗಾಡಿದೆ. ಹಿರಿಯರು ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದರು. ಗೌಡಶಾನಿ ಕಟ್ಟೆಯಿಂದ ಇಳಿದು ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತರು.

"ಅತ್ತಿಗಿ, ಸರೀರಿ" ಎಂದ ಮೈದುನ.

"ಸರಿಯೂದಿಲ್ಲ. ನನ್ನ ಮ್ಯಾಲ ಹಾಯಿಸ್ಕೊಂಡು ಒಯ್ರಿ."

ಆಗ ಆಯಿ ಕೋಲೂರಿಕೊಂಡು ಹೊರಗೆ ಬಂದರು. ಮಗನನ್ನೂ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದರು.

"ತಮ್ಮಾ, ಇದಕ್ಕ ಖರೇ ಏನಾಗಿತ್ತು? ನನಗ ತಿಳಿಯೂ ಹಂಗ ಹೇಳು."

"ಎಡಗಾಲಿ ಬ್ರೇಕ್ ಬಿಟ್ಟಿದ್ದಿಲ್ರಿ ಆಯಿ. ಚಕ್ಕಡಿ ಗಾಲಿಗೆ ಹಗ್ಗಾ ಬಿಗಿದು ಎತ್ತಿನ ಕೈಲೆ ಎಳಿಸಿದಂಗ."

"ಎಷ್ಟು ದಿನ ಹಂಗ ಎಳದೈತಿ?"

"ಮೂರು ತಿಂಗಳ."

ಆಯಿ ಡ್ರೈವರನ ಕಡೆ ತಿರುಗಿದರು. "ಈ ಮೂರು ತಿಂಗಳದಾಗ ಎಷ್ಟು ಹೊಲಾ ಹೊಡದೈತಿ?"

"ಎಲ್ಲಾ ಹೊಡದೈತ್ರಿ ಆಯಿ. ಒಂದು ಸಾಲೂ ಬಿಟ್ಟಿಲ್ಲ."

ನಮ್ಮ ದನದ ಸಂತೆಗಳಲ್ಲಿ ಎತ್ತಿನ ಕಸುವು ನೋಡುವುದೇ ಹಾಗೆ. ಚಕ್ಕಡಿಯ ಗಾಲಿ ಕಟ್ಟಿ ಎಳೆಸುತ್ತಾರೆ. ಹತ್ತು ಮಾರು ಎಳೆದ ಎತ್ತಿಗೆ ಜನ ಕೈ ಮುಗಿಯುತ್ತಾರೆ. ಅಂಥ ಎತ್ತು ಮನೆಯಲ್ಲಿದ್ದವನು ಉಪವಾಸ ಬಿದ್ದರೂ ಅದನ್ನು ಮಾರುವುದಿಲ್ಲ. ಕಟ್ಟೆಯ ಮೇಲಿದ್ದ ಹಿರಿಯರಿಗೆಲ್ಲ ಅದು ಗೊತ್ತು. ಎಲೆ ಬಾಯಿಗೆ ಹೋಗುವುದು ನಿಂತಿತು.

"ಕಾಲು ಕಟ್ಟಿಸ್ಕೊಂಡು ಮೂರು ತಿಂಗಳ ದುಡದ ಎತ್ತನ್ನ ಮಾರಿದ್ರಂದ್ರ ಜನ ನಮ್ಮ ಮನಿತನಕ್ಕ ಏನಂದಾರು?" ಎಂದು ಆಯಿ ಅವರನ್ನೇ ಕೇಳಿದರು.

ಸಣ್ಣ ಗೌಡನಿಗೆ ತಾಳ್ಮೆ ತಪ್ಪಿತು. "ಅವ್ವಾ, ಅದು ಎತ್ತಲ್ಲ, ಯಂತ್ರ. ಎಷ್ಟು ಸಲ ಹೇಳಬೇಕು ನಿನಗ?"

"ಯಂತ್ರ ಇದ್ದೀತು. ಕಾಲು ಕಟ್ಟಿದ್ರೂ ಊರ ತುಂಬ ಹೊಲಾ ಹೊಡದೈತಿ. ನಿನಗ ಎರಡೂ ಕಾಲು ಬಿಟ್ಟು ಮೂವತ್ತು ವರ್ಷ ಆತು, ಒಂದು ಸಾಲರ ಹೊಡದೀ ಏನು?"

ಹಿರಿಯರು ಟವಲಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ, ಅಂಗಳದಲ್ಲೇ ಬಿದ್ದು ಬಿದ್ದು ನಕ್ಕೆ. ಆಯಿ ಸೊಸೆಗೆ, "ಏನು ನಿಂತಿ? ಮಳಿ ಬರತೈತಿ, ಗಾಡಿ ಹೊಲಕ್ಕ ಹೊಡಸು. ಹೊಲಾ ಯಾರು ಮಾಡಸ್ತಿದ್ರೋ ಅವರ ಮಾಡಸ್ತಾರ" ಎಂದರು. ಗೌಡಶಾನಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಡ್ರೈವರ ಹಾರಿ ಕೂತು ಗಾಡಿ ಚಾಲೂ ಮಾಡಿದ.

ಕಂತ್ರಾಟದಾರ ಮೆಲ್ಲಗೆ ಜೀಪಿನ ಕಡೆ ಹೆಜ್ಜೆ ಹಾಕಿದ. ಆಯಿ ಕೋಲು ಅಡ್ಡ ಹಿಡಿದರು.

"ನಿಲ್ರಿ. ಅಷ್ಟು ದೂರದಿಂದ ಬಂದೀರಿ, ನಮ್ಮ ಮನಿಯಿಂದ ಬರಿಗೈಲೆ ಹೋಗಬಾರದು. ದಾಂಡೇಲಿಗೆ ಒಯ್ಯೂದಿದ್ರ ಈ ನನ್ನ ಮಗನ್ನ ಒಯ್ರಿ. ಸೋಮವಾರನೂ ದುಡಸ್ರಿ, ನಂದೇನೂ ತಕರಾರಿಲ್ಲ."